ಅಕ್ಕನ ಕೇಸು

ಒಪ್ಪಿಗೆ ಪತ್ರದ ಅಡಿಯಲ್ಲಿ ಆವೃತ್ತಿಯ ಸಂಖ್ಯೆ ತಪ್ಪಾಗಿದೆ ಎಂದು ಸಂಶೋಧನೆಗಳಿಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಗುಮಾಸ್ತೆ ಹೇಳಿದಾಗ ಅವನಿಗೆ ಸಿಟ್ಟು ಬರಲಿಲ್ಲ, ನಗು ಬಂತು. ನಗುವುದು ಸರಿಯಲ್ಲವೆಂದು ಅದನ್ನು ಕೆಮ್ಮಾಗಿ ಮಾಡಿಕೊಂಡ. ಕಾಯಿಲೆಯಿದ್ದರೆ ದೂರ ನಿಲ್ಲಿ ಎನ್ನುವಂತೆ ಅವಳು ತಲೆಯೆತ್ತಿ ನೋಡಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಯಾರಾದರೂ ನೋಡಿದರೆ ಸಾಕು ಹಿಂದೆ ಸರಿಯುವುದು ಈ ಕಚೇರಿಗೆ ಓಡಾಡತೊಡಗಿದ ಮೇಲೆ ಅವನಿಗೆ ಅಂಟಿಕೊಂಡ ಚಾಳಿ. ಈಚೆಗೆ ಬಸ್ಸಿನಲ್ಲೂ, ಮನೆಯಲ್ಲಿ ಹೆಂಡತಿಯ ಎದುರಿಗೂ ಹಾಗೇ ಸರಿಯುತ್ತಿದ್ದ. ಈ ಕಚೇರಿಯಲ್ಲಿ ಅವನಿಗೆ ಹೆಸರಿರಲಿಲ್ಲ. ಬಾಗಿಲಲ್ಲಿ ಅವನ ತಲೆ ಕಂಡ ಕೂಡಲೇ ಗುಮಾಸ್ತೆ ಪಕ್ಕದ ಮೇಜಿನವಳಿಗೆ, "ಅಕ್ಕನ ಕೇಸಿನವ್ರು ಬಂದ್ರು ನೋಡು," ಎನ್ನುತ್ತಿದ್ದಳು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಇಲಿಗಳ ಕೇಸಿನವರು, ರಕ್ತದ ಕೇಸಿನವರು ಇದ್ದ ಹಾಗೆ ಇವನು ಅಕ್ಕನ ಕೇಸಿನವನು.

"ಮೊದಲ್ನೇ ಪುಟದಲ್ಲಿ ಆವೃತ್ತಿ ಐದು ಅಂತಿದೆ. ಒಪ್ಪಿಗೆ ಪತ್ರದ ಕೆಳಗೆ ನಾಲ್ಕು ಅಂತಿದೆ. ಕಮಿಟಿಯವ್ರು ಯಾವ್ದನ್ನ ನೋಡ್ಬೇಕು, ನೀವೇ ಹೇಳಿ."

"ಎರಡೂ ಒಂದೇ ಮೇಡಂ. ನಂಬರ್ ಬದಲಾಯಿಸೋದು ಮರೆತುಬಿಟ್ಟೆ, ಅಷ್ಟೇ."

"ಒಂದೇ ಅಂತ ನಿಮಗೆ ಗೊತ್ತು. ಕಾಗದಕ್ಕೆ ಗೊತ್ತಿರ್ಬೇಕಲ್ವಾ?" ಎಂದು ಅವಳು ಪುಟಗಳನ್ನು ಮೇಜಿಗೆ ತಟ್ಟಿ ಅಂಚು ಸರಿಮಾಡಿ ಅವನ ಕೈಗಿತ್ತಳು. "ಸಂಜೆ ಕಮಿಟಿಯ ವಕೀಲರು ಒಪ್ಪಿಗೆ ಕೇಳೋಕೆ ನಿಮ್ಮ ಅಕ್ಕನ ಮನೆಗೆ ಬರ್ತಾರೆ ತಾನೇ? ಅಷ್ಟರೊಳಗೆ ಇದನ್ನ ಸರಿ ಮಾಡಿ, ಗೈಡ್ ಹತ್ರ ಇನ್ನೊಂದ್ ಸಲ ಸೈನ್ ಹಾಕಿಸ್ಕೊಂಡು ಬನ್ನಿ. ಸೀಲ್ ಹಾಕ್ಕೊಡ್ತೀನಿ. ಸೀಲ್ ಇಲ್ದಿದ್ರೆ ಅವ್ರು ಪೆನ್ನಿನ ಮುಚ್ಚಳಾನೂ ತೆಗೆಯಲ್ಲ."

"ಇವತ್ತು ಆಗ್ಲಿಲ್ಲ ಅಂದ್ರೆ?"

"ಮುಂದಿನ ಸಭೆಗೆ ಹೋಗುತ್ತೆ." ಅವಳು ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ಮೇಲೆತ್ತತೊಡಗಿದಳು. ಎಲ್ಲಿ ನಿಲ್ಲಿಸುತ್ತಾಳೆಂದು ನೋಡುವ ಧೈರ್ಯ ಸಾಲದೆ ಅವನು ಹೊರಗೆ ಬಂದ.

ಅಕ್ಕನಿಗೆ ಅಷ್ಟು ಹಾಳೆಗಳಷ್ಟು ಮಾತು ಉಳಿದಿರಲಿಲ್ಲ. ಇದು ಅವನಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು, ಕಮಿಟಿಗೆ ಕೂಡ ಗೊತ್ತಿತ್ತು. ಅರ್ಜಿಯಲ್ಲಿ 'ಕಾಯಿಲೆಯ ಸ್ವರೂಪ' ಎಂಬಲ್ಲಿ ಅವನೇ ಬರೆದಿದ್ದ. ಪದಗಳು ಒಂದೊಂದಾಗಿ ಹೋಗುವ ಕಾಯಿಲೆ. ಬುದ್ಧಿ ಇರುತ್ತದೆ, ಮುಖಗಳ ಗುರುತು ಇರುತ್ತದೆ, ಅಡುಗೆಗೆ ಉಪ್ಪು ಎಷ್ಟೆಂದು ಕೈಗೆ ತಿಳಿದಿರುತ್ತದೆ, ಆದರೆ ಉಪ್ಪು ಎನ್ನುವ ಮಾತು ಇರುವುದಿಲ್ಲ. ಅಕ್ಕ ದರ್ಜಿ. ಅವನ ಪ್ಯಾಂಟಿನ ತುದಿ ಮಡಚಿ ಗುರುತು ಮಾಡುವಾಗ, ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡೇ ಪಕ್ಕದ ಬೀದಿಯ ಸುದ್ದಿಯಿಂದ ಹಿಡಿದು ಪ್ರಪಂಚದ ಸುದ್ದಿಯವರೆಗೆ ಎಲ್ಲವನ್ನೂ ಹೇಳುತ್ತಿದ್ದವಳು. ಒಂದು ಪಿನ್ನೂ ಬೀಳುತ್ತಿರಲಿಲ್ಲ. ಸ್ಟೂಲಿನ ಮೇಲೆ ನಿಂತ ಹುಡುಗ ಅವಳ ತುಟಿಗಳನ್ನೇ ನೋಡುತ್ತಾ, ಈಗ ಬೀಳುತ್ತದೆ ಈಗ ಬೀಳುತ್ತದೆ ಎಂದು ಕಾಯುತ್ತಿದ್ದ. "ಅಲ್ಲಾಡ್ಬೇಡ್ವೋ, ಕಾಲಿಗೆ ಚುಚ್ಚಿಬಿಡ್ತೀನಿ." ಈಗ ಅವನ ತಲೆ ನರೆತಿದೆ, ಕೆಲಸ ಇನ್ನೂ ಕಾಯಂ ಆಗಿಲ್ಲ, ಡಾಕ್ಟರೇಟಿಗೆ ಹೆಸರು ನೋಂದಾಯಿಸಿದವರಲ್ಲಿ ಅವನೇ ಹಿರಿಯ, ಮತ್ತು ಅವನು ಮಳಿಗೆಯೊಂದರ ಮುಂದೆ ಪ್ರಿಂಟಿನ ಸಾಲಿನಲ್ಲಿ ನಿಂತಿದ್ದಾನೆ. ನಾಲ್ಕನ್ನು ಐದು ಮಾಡಿಸಬೇಕು.

ಮೊದಲು ಹೋದ ಪದ ಕತ್ತರಿ. ಎದುರಿಗೆ ಬಟ್ಟೆ ಹರವಿಕೊಂಡು ಅಕ್ಕ ಕೈಚಾಚಿದ್ದಳು. ಬೆರಳುಗಳು ಗಾಳಿಯಲ್ಲಿ ಎರಡು ಸಲ ಕತ್ತರಿಸಿದವು, ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ, "ಆ ಬಟ್ಟೆ ತಿನ್ನೋದು ಕೊಡೋ," ಎಂದಳು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು, ಅಕ್ಕನೂ ನಕ್ಕಳು. ಅವನೂ ನಕ್ಕ. ಆ ಕಾಯಿಲೆಗೆ ಹೆಸರು ಸಿಕ್ಕಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಭಾವ ಗೋಡೆ ಹಿಡಿದುಕೊಂಡು ಕೂತುಬಿಟ್ಟಾಗ, ಅವರ ಬೆನ್ನಮೇಲೆ ಕೈಯಿಟ್ಟುಕೊಂಡು ನಿಂತಿದ್ದ ಅವನಿಗೆ ಮೊದಲು ಬಂದದ್ದು ದುಃಖವಲ್ಲ, ಸಂಶೋಧನೆಗೆ ವಿಷಯ ಸಿಕ್ಕಿತು ಎಂಬ ಖುಷಿ. ದುಃಖ ಹಿಂದೆಯೇ ಬಂತು, ನಿಜವಾದದ್ದೇ ಬಂತು. ಆದರೆ ಯಾವುದು ಮೊದಲು ಬಂತೆಂದು ಅವನಿಗೆ ಗೊತ್ತಿತ್ತು. ಅಳತೆಯ ಟೇಪಿಗೆ ಅಕ್ಕ 'ಮೈ ಓದೋದು' ಎಂದಳು. ಅಂಗಿಯ ಗುಂಡಿಗೆ 'ಬೀಳೋದು'. ಇಸ್ತ್ರಿಪೆಟ್ಟಿಗೆಗೆ 'ಬಿಸಿ ದೋಣಿ'. ಮಾವನ ಮಗಳಿಂದ ಹಿಡಿದು ಮಹಡಿಯವರವರೆಗೆ ಹೆಸರುಗಳೆಲ್ಲ ಜಾರಿದ ಮೇಲೆ ಮನುಷ್ಯರೂ ತಾವು ಮಾಡುವ ಕೆಲಸವೇ ಆಗಿಬಿಟ್ಟರು. ಮೇಲಿನ ಮನೆಯಾತ 'ದಬದಬ'. ಮಲಗುವ ಮುಂಚೆ ಬೀಗ ಬಿದ್ದಿದೆಯೋ ಇಲ್ಲವೋ ಎಂದು ಎದ್ದೆದ್ದು ಹೋಗಿ ಎಳೆದು ನೋಡುವ ಭಾವ 'ಬೀಗ ಎಳೆಯೋನು'. ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ಈ ಬಿರುದು ಸಿಕ್ತಲ್ಲ ಎಂದು ಭಾವ ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಇದನ್ನೆಲ್ಲ ಬರೆದುಕೊಳ್ಳುವ ಹಾಗಿರಲಿಲ್ಲ. ಅನುಮತಿಗೆ ಮೊದಲು ಕೇಳಿದ, ಬರೆದುಕೊಂಡ, ಧ್ವನಿಮುದ್ರಿಸಿದ ಯಾವ ಮಾತನ್ನೂ ಬಳಸತಕ್ಕದ್ದಲ್ಲ ಎಂದು ನಿಯಮ. ಅವನಿಗೆ ಬೇಕಾದದ್ದು ಪದ ಹುಟ್ಟುವ ಗಳಿಗೆ. ಒಮ್ಮೆ ಹುಟ್ಟಿ, ನಾಲ್ಕು ಸಲ ಬಳಕೆಯಾಗಿಬಿಟ್ಟರೆ 'ಬಟ್ಟೆ ತಿನ್ನೋದು' ಕೂಡ ಕತ್ತರಿಯಷ್ಟೇ ಹಳೆಯದು, ಬಾಯಿಪಾಠ. ಹಾಗಾಗಿ ಅನುಮತಿಗೆ ಮುಂಚೆ ಅಕ್ಕ ಆಡಿದ ಒಂದೊಂದು ಹೊಸ ಮಾತೂ ಅವನ ಲೆಕ್ಕದಲ್ಲಿ ನೆಲಕ್ಕೆ ಚೆಲ್ಲಿದ್ದು. "ಸುಮ್ನಿರಕ್ಕ, ಸ್ವಲ್ಪ ದಿನ ಸುಮ್ನಿರು. ಪರ್ಮಿಷನ್ ಬರ್ಲಿ, ಆಮೇಲೆ ಎಷ್ಟ್ ಬೇಕೋ ಅಷ್ಟ್ ಹೇಳುವೆಯಂತೆ," ಎಂದು ಮೊದಮೊದಲು ತಮಾಷೆಯಲ್ಲೇ ಅಂದಿದ್ದ. ಅರ್ಜಿ ಹೋಯಿತು, ವಾಪಸು ಬಂತು. ಧ್ವನಿಮುದ್ರಿಕೆ ಇಡುವ ಕಪಾಟಿಗೆ ಬೀಗವಿದೆಯೆಂದು ಪತ್ರ ಬೇಕು ಎಂದರು. ಅತಿಥಿ ಉಪನ್ಯಾಸಕನಿಗೆ ಕೂರಲು ಕುರ್ಚಿಯೇ ಖಾತ್ರಿಯಿಲ್ಲ, ಕಪಾಟೆಲ್ಲಿ? ಪರೀಕ್ಷಾ ವಿಭಾಗದವರ ಕಪಾಟಿನಲ್ಲಿ ಒಂದು ಖಾನೆ ಬಿಡಿಸಿಕೊಳ್ಳಲು ಅವನು ಅವರ ಉತ್ತರಪತ್ರಿಕೆಗಳ ಕಟ್ಟುಗಳನ್ನು ಹೊತ್ತ. ಒಪ್ಪಿಗೆ ಪತ್ರದ ಭಾಷೆ ಪಾಮರರಿಗೆ ಅರ್ಥವಾಗುವಂತಿರಲಿ ಎಂದರು; ಸರಳ ಮಾಡಿದ; ಗಾಂಭೀರ್ಯ ಸಾಲದು ಎಂದರು. 'ಭಾಗವಹಿಸುವವರಿಗೆ ಆಗಬಹುದಾದ ಅಪಾಯ' ಎಂಬಲ್ಲಿ ಅವನು 'ಯಾವುದೂ ಇಲ್ಲ' ಎಂದು ಬರೆದದ್ದಕ್ಕೆ, ಅಪಾಯವೇ ಇಲ್ಲದ ಸಂಶೋಧನೆ ಇರುವುದಿಲ್ಲ, ಯೋಚಿಸಿ ಬರೆಯಿರಿ ಎಂದು ಕೆಂಪು ಗೆರೆ ಎಳೆದು ಕಳಿಸಿದರು. ಒಂದು ಮಧ್ಯಾಹ್ನವಿಡೀ ಯೋಚಿಸಿ ಅವನು 'ಅಲ್ಪ ಆಯಾಸ' ಎಂದು ಬರೆದ. ಅದು ಪಾಸಾಯಿತು.

ಅಷ್ಟರಲ್ಲಿ ತಮಾಷೆ ಹೋಗಿ ನಿಯಮವಾಗಿತ್ತು. ಅಕ್ಕ ಪದಕ್ಕಾಗಿ ತಡಕಾಡುವುದು ಕಂಡ ಕೂಡಲೇ ಅವನು ಎದ್ದು ಆ ವಸ್ತುವನ್ನೇ ಅವಳ ಕೈಗಿಡುತ್ತಿದ್ದ. ವಸ್ತು ಕೈಗೆ ಬಂದ ಮೇಲೆ ಮಾತು ಯಾಕೆ? ಏನನ್ನೂ ಹೆಸರು ಹಿಡಿದು ಕೇಳಬೇಡಿ ಎಂದು ಭಾವನಿಗೆ ತಾಕೀತು ಮಾಡಿದ್ದ. ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಹೆಂಗಸು, "ಅವ್ರನ್ನ ಮಾತಾಡಿಸ್ತಾನೇ ಇರಿ. ತಪ್ಪೋ ಒಪ್ಪೋ ಆಡ್ತಾ ಇರ್ಲಿ, ಬಿಟ್ರೆ ಬೇಗ ಹೋಗಿಬಿಡುತ್ತೆ," ಎಂದಾಗ ಅವನು ತಲೆದೂಗಿ, ಮನೆಗೆ ಬಂದು ಅದನ್ನು ಭಾವನಿಗೆ ಹೇಳಲಿಲ್ಲ. ಹೇಳಬೇಕೆಂದಿದ್ದ. ಮುಂದಿನ ಸಭೆಯಲ್ಲಿ ಹೇಗೂ ಆಗಿಬಿಡುತ್ತದಲ್ಲ ಎಂದುಕೊಂಡ. ಪ್ರತಿ ಸಲವೂ ಮುಂದಿನ ಸಭೆಯಲ್ಲಿ ಆಗಿಬಿಡುವಂತೆಯೇ ಇರುತ್ತಿತ್ತು.

ಗೈಡ್ ಸೆಮಿನಾರ್ ಹಾಲಿನಲ್ಲಿದ್ದರು. ಹೊರಗಿನಿಂದ ಯಾರೋ ದೊಡ್ಡವರು ಬಂದಿದ್ದಾರೆಂದು ಹಾಲು ತುಂಬಿತ್ತು. ಅವನು ಬಾಗಿಲಲ್ಲಿ ಇಣುಕಿದ್ದೇ ತಡ, ಗೈಡ್ ಮುಖ ಅರಳಿಸಿ ಕೈಬೀಸಿ ಕರೆದರು. ಫೈಲು ಬಿಚ್ಚುತ್ತಾ ಓಡಿದ. "ಬನ್ನಿ ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ. ಈ ಪರದೆ ಕೆಳಗೆ ನಿಲ್ತಾ ಇಲ್ಲ, ಸುರ್ರನೆ ಮೇಲೆ ಹೋಗ್ಬಿಡುತ್ತೆ. ಸ್ವಲ್ಪ ಹಿಡ್ಕೊಳಿ, ಹತ್ತೇ ನಿಮಿಷ." ಅವನು ಫೈಲನ್ನು ಕಂಕುಳಲ್ಲಿಟ್ಟುಕೊಂಡು, ಬಗ್ಗಿ, ಪರದೆಯ ಕೆಳಗಿನ ದಾರ ಹಿಡಿದು ನಿಂತ. ದೀಪ ಆರಿಸಿದರು. ಪ್ರೊಜೆಕ್ಟರಿನ ಬೆಳಕು ಅವನ ಅರ್ಧ ಮೈಮೇಲೆ ಬಿತ್ತು. ಗೈಡ್ ತೋರಿಸುತ್ತಿದ್ದ ನಕ್ಷೆಯ ಒಂದು ಕಂಬ ಅವನ ಮೊಣಕೈಯ ಮೇಲೆ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದವರು ಅವನ ಪಾಠ ಕೇಳುವ ಹುಡುಗಿಯರು. ಅವರು ನೋಡುತ್ತಿದ್ದಾರೆಯೇ ಎಂದು ನೋಡಬಾರದೆಂದು ಅವನು ನೆಲವನ್ನೇ ನೋಡಿದ. ಗೈಡ್ ಚೆನ್ನಾಗಿ ಮಾತಾಡುತ್ತಿದ್ದರು. ದನಿಯಿಲ್ಲದವರಿಗೆ ದನಿಯಾಗುವುದೇ ನಮ್ಮ ವಿಭಾಗದ ಧ್ಯೇಯ ಎಂದಾಗ ಚಪ್ಪಾಳೆ ಬಿತ್ತು, ಬೆನ್ನು ಸೆಳೆಯತೊಡಗಿತು, ದಾರ ಬೆರಳಿಗೆ ಕೊರೆಯಿತು. ಬಿಟ್ಟುಬಿಡಲೇ? ಸುರ್ರನೆ ಮೇಲೆ ಹೋಗಲಿ, ದನಿ ಧ್ಯೇಯ ನಕ್ಷೆ ಎಲ್ಲ ಹೋಗಲಿ. ಅವನು ದಾರವನ್ನು ಇನ್ನೊಂದು ಸುತ್ತು ಬೆರಳಿಗೆ ಸುತ್ತಿಕೊಂಡ. ಸಹಿ ಬೇಕಿತ್ತು.

ಎಲ್ಲ ಮುಗಿದು, ದೊಡ್ಡವರನ್ನು ಕಾರಿನವರೆಗೆ ಬಿಟ್ಟು ಬಂದ ಮೇಲೆ ಗೈಡ್ ನಿಂತಲ್ಲೇ ಸಹಿ ಮಾಡಿದರು. "ಅಕ್ಕ ಹೇಗಿದಾರೆ? ಡೇಟಾ ಇನ್ನೂ ಚೆನ್ನಾಗಿದೆ ತಾನೇ?"

"ಚೆನ್ನಾಗಿದೆ ಸರ್," ಎಂದ ಅವನು. ಹಾಗೆಂದ ಮೇಲೆ ತನ್ನ ಬಾಯಿಂದ ಏನು ಬಂತೆಂದು ತಿಳಿಯಿತು. ಗೈಡ್ ಆಗಲೇ ಇನ್ನೊಬ್ಬರ ಜೊತೆ ಮಾತಿಗೆ ತೊಡಗಿದ್ದರು.

ಗುಮಾಸ್ತೆ ಊಟದ ಡಬ್ಬಿ ಮುಚ್ಚಿಟ್ಟು, ಕೈ ಒರೆಸಿಕೊಂಡು, ಅಡಿಯ ಸಂಖ್ಯೆಗಳನ್ನೆಲ್ಲ ಬೆರಳಿಟ್ಟು ನೋಡಿ, ಕೊನೆಗೆ ಸೀಲನ್ನು ಉಸಿರಿನಿಂದ ಒದ್ದೆ ಮಾಡಿ ಒತ್ತಿದಳು. "ಹೋಗಿ ಬೇಗ. ಅಕ್ಕ ಚೆನ್ನಾಗಿ ಮಾತಾಡ್ಲಿ," ಎಂದಳು. ಈ ಕಟ್ಟಡದಲ್ಲಿ ಯಾರೂ ಆಡದ ಮಾತು ಅದು. ಅವನ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಇಂಥ ಕ್ಷುಲ್ಲಕ ಕಾರಣಕ್ಕೆ ಅಳುವ ಸ್ಥಿತಿಗೆ ಬಂದೆನಲ್ಲ ಎಂದು ನಾಚಿಕೆಯಾಯಿತು, ಥ್ಯಾಂಕ್ಸ್ ಹೇಳುವುದನ್ನೂ ಮರೆತು ಬಸ್ಸಿಗೆ ಓಡಿದ.

ಬಸ್ಸಿನಲ್ಲಿ ಭಾವನ ಫೋನು ಬಂತು. "ಎಲ್ಲಿದೀಯ? ವಕೀಲಮ್ಮ ಬಂದು ಕೂತಿದಾರೆ."

"ಇನ್ನೇನು ಬಂದೆ ಭಾವ. ಅಕ್ಕ?"

ಪಾತ್ರೆಯ ಸದ್ದು, ನಲ್ಲಿಯ ಸದ್ದು ಕೇಳಿಸಿತು. ಭಾವ ಅಡುಗೆಮನೆಗೆ ಹೋಗಿ ಮಾತಾಡುತ್ತಿರಬೇಕು. "ನಿನ್ನೆಯಿಂದ ಬಾಯೇ ಬಿಟ್ಟಿಲ್ಲ ಕಣೋ. ಮೊದಲೆಲ್ಲ ನೀನು ಬಂದಾಗ ಮಾತ್ರ ಸುಮ್ನಿರ್ತಿದ್ಲು. ಈಗ ನನ್ನ ಹತ್ರಾನೂ ಇಲ್ಲ. ನೀನು ನಿನ್ನೆ ಫೋನ್ ಮಾಡಿ ವಕೀಲರು ಬರ್ತಾರೆ ಅಂದ್ಯಲ್ಲ, ಆವಾಗ್ನಿಂದ. ಹೋಯ್ತೇನೋ ಎಲ್ಲಾ? ಡಾಕ್ಟ್ರು ಹೇಳಿದ್ರಲ್ಲ, ಒಂದ್ ದಿನ ಪೂರ್ತಿ ಹೋಗುತ್ತೆ ಅಂತ."

ಹಾಗೇನೂ ಆಗಿರುವುದಿಲ್ಲ ಎಂದು ಅವನು ಹೇಳಿದ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು. ಪಕ್ಕದವನ ಕಿವಿಯಲ್ಲಿ ಯಾವುದೋ ಹಾಡು ಸಣ್ಣಗೆ ಸೋರುತ್ತಿತ್ತು. ಇವತ್ತೊಂದು ದಿನ, ಬರೀ ಒಂದು ಗಂಟೆ, ಹೆಚ್ಚೇನೂ ಬೇಡ. 'ಇವನು ನನ್ನ ಮಾತು ರೆಕಾರ್ಡ್ ಮಾಡ್ಕೊಳ್ಳಲಿ' ಎನ್ನುವಷ್ಟು ಅರ್ಥ ಬರುವ ಹಾಗೆ ಏನೋ ಒಂದು, ಯಾವ ಪದದಲ್ಲಾದರೂ ಸರಿ. ಒಪ್ಪಿಗೆ ಕೊಡುವವರು ತಮ್ಮ ಒಪ್ಪಿಗೆಯನ್ನು ತಮ್ಮದೇ ಮಾತಿನಲ್ಲಿ, ಕಮಿಟಿಯ ಹೊರಗಿನ ಸದಸ್ಯರಾದ ಈ ವಕೀಲರ ಎದುರು ಹೇಳಬೇಕು. ರೋಗಿ ಸಂಶೋಧಕನ ಸ್ವಂತ ಅಕ್ಕನಾದ್ದರಿಂದ ಈ ಷರತ್ತು. ಯಾರ ಹತ್ತಿರ ಬೇಡಿಕೊಳ್ಳುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಬೇಡಿಕೊಳ್ಳುತ್ತಿರುವುದು ಅಕ್ಕನಿಗಾಗಿ ಎಂದುಕೊಂಡ. ಅಕ್ಕನ ದನಿ ಉಳಿಯಬೇಕು, ಭಾವನಿಗಾದರೂ ಕೇಳಲು ಇರಬೇಕು. ಹಾಗಾದರೆ ಮೊಬೈಲು ತೆಗೆದು ಮೊನ್ನೆಯೇ ರೆಕಾರ್ಡ್ ಮಾಡಬಹುದಿತ್ತಲ್ಲ, ಭಾವನಿಗೆ ಕೇಳಿಸಲು ಯಾವ ಕಮಿಟಿಯ ಸೀಲು ಬೇಕಿತ್ತು? ಈ ಪ್ರಶ್ನೆ ಅವನಿಗೆ ಹೊಳೆದದ್ದು ಇದೇ ಮೊದಲ ಸಲ. ಸಿಗ್ನಲ್ ಬಿಟ್ಟಿತು.

ವಕೀಲರು ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಅವನಿಗಿಂತ ಕೊಂಚ ಹಿರಿಯ ಹೆಂಗಸು, ಒಳ್ಳೆಯ ಮುಖ. ಸೀಲನ್ನು ನೋಡಿ, ಪೆನ್ನಿನ ಮುಚ್ಚಳ ತೆಗೆದರು. "ನೀವು ಇಲ್ಲೇ ಕೂತ್ಕೊಬಹುದು. ಆದ್ರೆ ಮಾತಾಡೋ ಹಾಗಿಲ್ಲ, ಸನ್ನೆ ಮಾಡೋ ಹಾಗಿಲ್ಲ. ಮಾಡಿದ್ರೆ ನಾನು ನಿಲ್ಲಿಸ್ಬೇಕಾಗುತ್ತೆ." ಅವನು ತಲೆಯಾಡಿಸಲು ಹೋಗಿ, ಅದೂ ಸನ್ನೆಯಾದೀತೆಂದು ತಡೆದುಕೊಂಡ. ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು, ತಲೆ ಬಾಚಿಕೊಂಡಿದ್ದಳು. ಅವನನ್ನು ಕಂಡು ಕಣ್ಣು ಅರಳಿಸಿದಳು, ತುಟಿ ತೆರೆಯಲಿಲ್ಲ.

"ಇವ್ರು ಯಾರಮ್ಮ?" ಎಂದು ವಕೀಲರು ಅವನತ್ತ ತೋರಿಸಿದರು. ಅಕ್ಕ ಅವನನ್ನು ನೋಡಿದಳು. ಮಾತಿಲ್ಲ. "ಇವ್ರು ನಿಮ್ಮಿಂದ ಏನೋ ಕೇಳ್ತಿದಾರೆ. ಏನಂತ ಗೊತ್ತಾ?" ಮಾತಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಭಾವ ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ವಕೀಲರಿಗೂ ಕಷ್ಟವಾಗುತ್ತಿತ್ತು. ಕಮಿಟಿಯ ಪ್ರಶ್ನೆಗಳ ಹಾಳೆಯನ್ನು ಪಕ್ಕಕ್ಕಿಟ್ಟು, ತಮ್ಮ ಕನ್ನಡಕ ತೆಗೆದು ಅಕ್ಕನ ಮುಂದೆ ಹಿಡಿದರು. "ಹೋಗ್ಲಿ ಬಿಡಿ. ಇದೇನು ಹೇಳ್ತೀರಾ?"

ಅಕ್ಕ ಕನ್ನಡಕವನ್ನು ನೋಡಿದಳು. ಆಗ ಅವನು ಅವಳ ತುಟಿಗಳನ್ನು ಕಂಡ. ಕೆಳತುಟಿಯ ಎಡಮೂಲೆ ಸ್ವಲ್ಪವೇ ಅದುರಿತು. ಕೆನ್ನೆಯಲ್ಲಿ ಗುಳಿ ಮೂಡಿತು. ಕಣ್ಣಿನಲ್ಲಿ, ಏನೋ ತುಂಟತನದ ಮಾತು ಸಿಕ್ಕಾಗ ಮಾತ್ರ ಬರುವ ಹೊಳಪು ಬಂತು. ಮಾತು ಬಂದಿತ್ತು. ಹೊಸದು, ಇನ್ನೂ ಯಾರೂ ಕೇಳದಿದ್ದದ್ದು, ತುಟಿಯವರೆಗೂ ಬಂದು ನಿಂತಿತ್ತು. ಅಕ್ಕ ಅವನತ್ತ ತಿರುಗಿದಳು. ಅವನ ಮುಖ ನೋಡಿ, ಬಂದದ್ದನ್ನು ನುಂಗಿಕೊಂಡಳು.

ಕಾಯಿಲೆಯಲ್ಲ. ಅವಳು ಕಾಯುತ್ತಿದ್ದಾಳೆ. ಅವನಿಗಾಗಿ ಕಾಯ್ದಿಟ್ಟುಕೊಂಡಿದ್ದಾಳೆ, ನಿನ್ನೆಯಿಂದ, ಯಾವತ್ತಿನಿಂದಲೋ. ತಮ್ಮನಿಗೆ ಇವತ್ತು ದೊಡ್ಡ ದಿನ, ತನ್ನಿಂದ ಅದು ಕೆಡಬಾರದೆಂದು ಒಳ್ಳೆಯ ಸೀರೆಯುಟ್ಟು ಬಾಯಿ ಕಟ್ಟಿಕೊಂಡು ಕೂತಿದ್ದಾಳೆ.

"ಅಕ್ಕಾ, ಹೇಳೇ," ಎಂದ ಅವನು.

"ನೀವು ಮಾತಾಡ್ಬಾರ್ದು," ಎಂದರು ವಕೀಲರು.

"ಈಗ ಹೇಳ್ಬಹುದು ಅಕ್ಕ, ಸಾಕು, ಹೇಳಿಬಿಡು. ಮೇಡಂ, ಅವಳಿಗೆ ಬರುತ್ತೆ. ಎಲ್ಲಾ ಬರುತ್ತೆ. ನಾನೇ ಬೇಡ ಅಂದಿದ್ದು. ಪರ್ಮಿಷನ್ ಬರೋವರೆಗೂ ಆಡ್ಬೇಡ ಅಂತ ನಾನೇ ಬಾಯಿ ಮುಚ್ಚಿಸಿದ್ದು."

ಭಾವ ಟವೆಲು ಕೆಳಗಿಳಿಸಿ ಅವನನ್ನು ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವಕೀಲರು ಕನ್ನಡಕ ಹಾಕಿಕೊಂಡರು. "ನೀವು ಈಗ ಹೇಳಿದ್ದನ್ನೂ ನಾನು ಬರೀಬೇಕಾಗುತ್ತೆ," ಎಂದು ಮೆಲ್ಲಗೆ ಅಂದರು.

"ಬರ್ಕೊಳ್ಳಿ. ಅಕ್ಕಾ, ಏನಾದ್ರೂ ಹೇಳೇ. ಬೈಯೇ ಬೇಕಾದ್ರೆ." ಅವನು ಮಂಚದ ಮುಂದೆ ನೆಲದ ಮೇಲೆ ಕೂತು ಅವಳ ಎರಡೂ ಕೈ ಹಿಡಿದುಕೊಂಡಿದ್ದ. ಅಕ್ಕ ಅವನ ಅವಸ್ಥೆ ನೋಡಿ ಮೊದಲು ಗಾಬರಿಯಾದಳು, ಆಮೇಲೆ ಅವಳಿಗೆ ಏನೋ ಹೊಳೆದಂತಾಯಿತು. ಇದೂ ಪರೀಕ್ಷೆಯೇ. ತನ್ನ ಬಾಯಿ ಬಿಡಿಸಲು ಹೂಡಿದ ಆಟ. ತಾನು ಸೋಲುವವಳಲ್ಲ ಎಂದು ಅವಳು ನಗುತ್ತಾ ತಲೆಯನ್ನು ಅತ್ತಿತ್ತ ಆಡಿಸಿದಳು, ತುಟಿಗಳನ್ನು ಬೆಳ್ಳಗಾಗುವಷ್ಟು ಒತ್ತಿ ಹಿಡಿದಳು. ಅವನು ಮತ್ತೆ ಮತ್ತೆ ಕರೆದ. ಕರೆದಷ್ಟೂ ಅವಳು ನಕ್ಕಳು.

ವಕೀಲರು ಏನನ್ನೋ ಎರಡು ಸಾಲು ಬರೆದು, ಪೆನ್ನಿನ ಮುಚ್ಚಳ ಹಾಕಿ, ಫೈಲನ್ನು ಚೀಲದೊಳಗಿಟ್ಟರು. ಒಪ್ಪಿಗೆ ಸಿಕ್ಕಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವನು ಎದ್ದು ಅವರ ಹಿಂದೆ ಬಾಗಿಲವರೆಗೆ ಹೋದ. ಅಕ್ಕನೂ, ಬಂದವರನ್ನು ಕಳಿಸಿಕೊಡುವುದು ಮನೆಯವಳ ಕೆಲಸವಲ್ಲವೇ, ಸೀರೆ ಸರಿಮಾಡಿಕೊಳ್ಳುತ್ತಾ ಬಂದಳು. ಚಪ್ಪಲಿ ಮೆಟ್ಟಿಕೊಂಡ ವಕೀಲರು ತಿರುಗಿ, ಇನ್ನು ಕೇಳಿ ಬರೆದುಕೊಳ್ಳುವುದು ಏನೂ ಇಲ್ಲದ ಸಾಧಾರಣ ದನಿಯಲ್ಲಿ, "ಬರ್ತೀನಮ್ಮ," ಎಂದರು.

"ಹೂಂ, ಬನ್ನಿ," ಎಂದಳು ಅಕ್ಕ.

ಬಳಸದೆ ಇದ್ದದ್ದರಿಂದ ದನಿ ಒರಟಾಗಿತ್ತು. ವಕೀಲರು ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟರು. ಚೀಲ ಮುಟ್ಟಲಿಲ್ಲ. ಅಕ್ಕನ ಪಕ್ಕದಲ್ಲಿ ನಿಂತಿದ್ದವನನ್ನು ನೋಡಿ, "ಇವ್ರು ನಿಮಗೇನಾಗ್ಬೇಕಮ್ಮ?" ಎಂದರು.

ಪೆನ್ನಿಗೆ ಮುಚ್ಚಳ ಬಿದ್ದಿತ್ತು, ಬಂದವರು ಚಪ್ಪಲಿ ಮೆಟ್ಟಿದ್ದರು, ತಮ್ಮನ ಕೆಲಸ ಮುಗಿದಿತ್ತು. ಅಕ್ಕ ಅವನನ್ನು ಅಂಗಿಗೆ ಅಳತೆ ತೆಗೆಯುವವಳ ಹಾಗೆ ಭುಜದಿಂದ ಕಾಲಿನವರೆಗೆ ಒಮ್ಮೆ ನೋಡಿದಳು. "ಇವ್ನು," ಎಂದಳು. ಪದ ಇರಬೇಕಾದ ಜಾಗವನ್ನು ತಡಕಿದಳು. ಅಲ್ಲಿರಲಿಲ್ಲ. ಆಮೇಲೆ ಸಿಕ್ಕಿತು, ಮುಖ ಅರಳಿತು. ನಮ್ಮವನು ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವವಳ ಹೆಮ್ಮೆಯಲ್ಲಿ ಅವನ ತೋಳು ಹಿಡಿದು, "ಇವ್ನು ಸುಮ್ನಿರು ಅನ್ನೋನು," ಎಂದಳು.

ಹೇಳಿಬಿಟ್ಟ ಮೇಲೆ ಅವನ ಮುಖ ನೋಡಿದಳು. ತಪ್ಪಾಯಿತೆಂದು ನಾಲಿಗೆ ಕಚ್ಚಿಕೊಂಡು, ಮತ್ತೆ ತುಟಿ ಮುಚ್ಚಿದಳು.